ಡ್ಯಾಕ್‌ಗೆ ಹೊಸ ಆಪ್‌ಆಂಪ್ ಹಾಕಿದೆ, ಬೆರಳಿಟ್ಟರೆ ಸುಡುತ್ತಿದೆ. ಮುಂದಿನ ಅಪ್‌ಗ್ರೇಡ್ ಯಾವುದು?

ಹೊಗೆಬಂತು
ನಮಸ್ಕಾರ ಎಲ್ಲರಿಗೂ. ಎರಡು ತಿಂಗಳ ಹಿಂದೆ ಪಿಸಿಎಂ1794ಎ ಚಿಪ್ ಇರುವ ಡ್ಯಾಕ್ (ಡಿಜಿಟಲ್ ಹಾಡನ್ನು ಅನಲಾಗ್ ಸಿಗ್ನಲ್ ಮಾಡುವ ಸಾಧನ) ಕಿಟ್ ತರಿಸಿ ನಾನೇ ಜೋಡಿಸಿದೆ. ಯುಎಸ್‌ಬಿ ಬೋರ್ಡ್ ಬೇರೆ, ಅಲ್ಲಿಂದ ಐ2ಎಸ್ ತಂತಿಗಳು, ಅಂದರೆ ಡಿಜಿಟಲ್ ಹಾಡು ಸಾಗಿಸುವ ತಂತಿಗಳು, ಡ್ಯಾಕ್ ಬೋರ್ಡಿಗೆ. ಟ್ರಾನ್ಸ್‌ಫಾರ್ಮರ್, ±15 ವೋಲ್ಟ್ ಸಪ್ಲೈ, ಎಲ್ಲ ಒಂದೇ ಡಬ್ಬಿಯಲ್ಲಿ. ಮೊದಲ ಸಲ ಸ್ವಿಚ್ ಹಾಕಿದಾಗಲೇ ಹಾಡಿತು. ಅಲ್ಲಿಗೆ ಸುಮ್ಮನಿರಬೇಕಿತ್ತು, ಇರಲಿಲ್ಲ.

ಚಿಪ್ ಕೊಡುವ ಕರೆಂಟನ್ನು ವೋಲ್ಟೇಜ್ ಮಾಡುವ ಜಾಗದಲ್ಲಿ ಎರಡು ಎನ್‌ಇ5532 ಆಪ್‌ಆಂಪ್ (ಸಿಗ್ನಲ್ ವರ್ಧಿಸುವ ಸಣ್ಣ ಚಿಪ್) ಇದ್ದವು. ಅವನ್ನು ತೆಗೆದು ಒಪಿಎ1612 ಹಾಕಿದೆ. ಇದು ಬೋರ್ಡಿನ ಮೇಲ್ಮೈಗೇ ಬೆಸೆಯುವ ಸಣ್ಣ ಎಸ್‌ಎಂಡಿ ಚಿಪ್, ಆದ್ದರಿಂದ ಅಡಾಪ್ಟರ್ ಬೋರ್ಡಿನ ಮೇಲೆ ಕೂರಿಸಿ ಸಾಕೆಟ್ಟಿಗೆ ಸಿಕ್ಕಿಸಿದೆ. ಕೈ ಹಾಕಿದ ಮೇಲೆ ಹಾಕಿಯೇ ಬಿಡೋಣ ಅಂತ ಅಲ್ಲೇ ಇದ್ದ 750 ಓಮ್‌ನ ನಾಲ್ಕು ರೆಸಿಸ್ಟರ್ ಕಿತ್ತು, ಒಳ್ಳೆ ಮೆಟಲ್ ಫಿಲ್ಮ್ 820 ಓಮ್ ಹಾಕಿದೆ. ನನಗೆ ಬೇಕಿದ್ದ ಸರಣಿಯಲ್ಲಿ 750 ಸಿಗಲಿಲ್ಲ.

ಈಗ ವಿವರ ಜಾಸ್ತಿ ಕೇಳಿಸುತ್ತಿದೆ. ಹಾಡುವವರು ಉಸಿರು ಎಳೆದುಕೊಳ್ಳುವುದೂ ಗೊತ್ತಾಗುತ್ತದೆ. ಆದರೆ ಹತ್ತು ನಿಮಿಷ ಕಳೆದರೆ ಬಲಗಡೆ ಮೇಲಿನ ಸ್ವರಗಳು ಗರಗರ. ಬಲಗಡೆಯ ಚಿಪ್ ಮೇಲೆ ಬೆರಳಿಟ್ಟರೆ ಎರಡು ಸೆಕೆಂಡ್ ತಡೆಯಲು ಆಗುವುದಿಲ್ಲ. ಜೊತೆಗೆ ಹಾಡು ನಿಂತಾಗ ಸಣ್ಣಗೆ ಗುಂಯ್ ಅನ್ನುತ್ತದೆ, ಇದು ಮೊದಲಿಂದಲೂ ಇತ್ತು.

ಮುಂದೆ ಏನು ಬದಲಿಸಲಿ? ಕೆಪಾಸಿಟರಾ, ಎಲ್‌ಟಿ3045 ರೆಗ್ಯುಲೇಟರಾ (ಸಪ್ಲೈ ವೋಲ್ಟೇಜ್ ಸ್ಥಿರವಾಗಿಡುವ ಚಿಪ್), ಕ್ಲಾಕಾ (ಡಿಜಿಟಲ್ ಭಾಗಕ್ಕೆ ತಾಳ ಕೊಡುವುದು)?

ಕಿವಿಯೇಸಾಕ್ಷಿ
ಹೊಸ ಆಪ್‌ಆಂಪ್ ಪಳಗಬೇಕು ಸರ್. 200 ಗಂಟೆ ಹಾಡು ಹಾಕಿ ಬಿಡಿ. ಗರಗರ ತಾನಾಗೇ ಹೋಗುತ್ತದೆ.

ಅಳತೆಗೋಲು
200 ಗಂಟೆ ಬಿಟ್ಟರೆ ಹೋಗುವುದು ಗರಗರ ಅಲ್ಲ, ಚಿಪ್ಪು.

ಸ್ವಲ್ಪ ಲೆಕ್ಕ ನೋಡಿ. ಒಪಿಎ1612 ಸುಮ್ಮನೆ ಕೂತಾಗ ಒಂದು ಚಾನೆಲ್‌ಗೆ 3.6 ಮಿಲಿ ಆಂಪ್ ಎಳೆಯುತ್ತದೆ, ಎರಡಕ್ಕೂ ಸೇರಿ 7.2. ±15 ಅಂದರೆ 30 ವೋಲ್ಟ್. ಗುಣಿಸಿದರೆ ಕಾಲು ವಾಟ್‌ಗಿಂತ ಕಡಿಮೆ. ಡ್ಯಾಕ್ ಕರೆಂಟಿಗೆ ಇನ್ನೊಂದಿಷ್ಟು ಸೇರಿಸಿ. ಅಷ್ಟಾದರೂ ಬೆಚ್ಚಗಾಗಬೇಕು, ಸುಡಬಾರದು. ಎನ್‌ಇ5532 ಕೂಡ ಹೆಚ್ಚುಕಡಿಮೆ ಅಷ್ಟೇ ಎಳೆಯುತ್ತದೆ, ಅದು ಸುಡುತ್ತಿತ್ತಾ? ಇಲ್ಲ ಅಲ್ವಾ?

ನಿಮ್ಮ ಚಿಪ್ ಆಸಿಲೇಟ್ ಆಗುತ್ತಿದೆ. ಕಿವಿಗೆ ಕೇಳದ ಯಾವುದೋ ಮೆಗಾಹರ್ಟ್ಸ್‌ನಲ್ಲಿ ತನ್ನ ಪಾಡಿಗೆ ತಾನು ಕೂಗುತ್ತಿದೆ. ಎನ್‌ಇ5532 ಸಾಧು ಪ್ರಾಣಿ, ಅದರ ಬ್ಯಾಂಡ್‌ವಿಡ್ತ್ 10 ಮೆಗಾಹರ್ಟ್ಸ್. ಒಪಿಎ1612ರದ್ದು 40. ಹಳೇ ಬೋರ್ಡಿನಲ್ಲಿ ಹಾಗೂ ಹೀಗೂ ನಡೆಯುತ್ತಿದ್ದ ತಪ್ಪನ್ನೆಲ್ಲ ಇದು ಹಿಡಿದು ತೋರಿಸುತ್ತದೆ.

ತಂತಿಗೆತಂತಿ
ಅಥವಾ ಚಿಪ್ಪೇ ಡೂಪ್ಲಿಕೇಟ್. ಮೇಲಿನ ಅಕ್ಷರ ಉಜ್ಜಿ ಹೊಸದಾಗಿ ಬರೆದ ಚಿಪ್ ಬೇಕಾದಷ್ಟು ತಿರುಗಾಡುತ್ತಿವೆ. ಅಸಿಟೋನ್ ಹಚ್ಚಿ ಹತ್ತಿಯಲ್ಲಿ ಒರೆಸಿ ನೋಡಿ. ಬಣ್ಣ ಬಿಟ್ಟರೆ ಅನುಮಾನ ಪಡಿ.

ಹೊಗೆಬಂತು
ಒರೆಸಿದೆ, ಬಿಡಲಿಲ್ಲ. ಎಡಗಡೆಯದೂ ಅದೇ ಪಟ್ಟಿಯಿಂದ ಬಂದ ಚಿಪ್. ಅದು ಬೆಚ್ಚಗೆ ಮಾತ್ರ ಇದೆ.

ಮೀಟರ್ ಹಿಡಿದಾಗ ಇನ್ನೊಂದು ಗಾಬರಿ. ಎರಡೂ ಚಿಪ್ಪಿನ 1 ಮತ್ತು 7ನೇ ಕಾಲಲ್ಲಿ 5 ವೋಲ್ಟ್ ಡಿಸಿ ಇದೆ! ಔಟ್‌ಪುಟ್‌ನಲ್ಲಿ ಸೊನ್ನೆ ಇರಬೇಕಲ್ವಾ? ಸ್ಪೀಕರ್ ಬಿಚ್ಚಿಟ್ಟಿದ್ದೇನೆ.

ಅಳತೆಗೋಲು
ಸ್ಪೀಕರ್ ಬಿಚ್ಚಿದ್ದು ಒಳ್ಳೆಯದೇ. ಆದರೆ ಆ 5 ವೋಲ್ಟಿಗೆ ಗಾಬರಿ ಬೇಡ. ಪಿಸಿಎಂ1794ಎ ಮೌನವಾಗಿದ್ದಾಗಲೂ ಪ್ರತಿ ಔಟ್‌ಪುಟ್ ಕಾಲಿನಲ್ಲಿ 6.2 ಮಿಲಿ ಆಂಪ್ ಹರಿಯುತ್ತದೆ. ಹಾಡು ಅದರ ಆಚೆ ಈಚೆ ಒಟ್ಟು 7.8 ಮಿಲಿ ಆಂಪ್ ತೂಗುತ್ತದೆ. 6.2 ಮಿಲಿ ಆಂಪ್ ಗುಣಿಸು 820 ಓಮ್, 5.08 ವೋಲ್ಟ್. ಪ್ಲಸ್, ಮೈನಸ್ ಎರಡೂ ಕಡೆ ಒಂದೇ ಡಿಸಿ ಇರುತ್ತದೆ, ಮುಂದಿನ ಹಂತ ಒಂದರಿಂದ ಇನ್ನೊಂದನ್ನು ಕಳೆಯುವಾಗ ಅದು ಅಲ್ಲೇ ಕರಗಿ ಹೋಗುತ್ತದೆ.

ನಾಲ್ಕೂ ಕಾಲಲ್ಲಿ ಸರಿಯಾಗಿ ಎಷ್ಟೆಷ್ಟು ಅಂತ ಬರೆಯಿರಿ. "5 ವೋಲ್ಟ್" ಅಂದರೆ ಸಾಲದು.

ಹೊಗೆಬಂತು
ಎಡ: 5.09, 5.08. ಬಲ: 5.09, 4.3. ಆ 4.3 ನಿಲ್ಲುತ್ತಿಲ್ಲ. ಬೆರಳು ಹತ್ತಿರ ತಂದರೆ ಸಾಕು, ಮುಟ್ಟುವ ಮೊದಲೇ 4.1, 4.5 ಅಂತ ಕುಣಿಯುತ್ತದೆ.

ರಾತ್ರಿಪಾಳಿ
ಬೆರಳು ತಂದರೆ ಡಿಸಿ ಕುಣಿಯುತ್ತದೆ ಅಂದರೆ ಪಕ್ಕಾ ಆಸಿಲೇಷನ್. ಸ್ಕೋಪ್ ಇಲ್ಲದವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಎರಡು ಪ್ರಶ್ನೆ. ಒಂದು, ಅಡಾಪ್ಟರ್ ಬೋರ್ಡಿನ ಮೇಲೆಯೇ 4 ಮತ್ತು 8ನೇ ಕಾಲಿನ ನಡುವೆ 0.1 ಮೈಕ್ರೋ ಫ್ಯಾರಡ್ ಸಿರಾಮಿಕ್ ಹಾಕಿದ್ದೀರಾ? ಕಿಟ್ ಬೋರ್ಡಿನಲ್ಲಿ ಇರುವುದು ಲೆಕ್ಕಕ್ಕಿಲ್ಲ. ಸಾಕೆಟ್, ಅದರ ಮೇಲೆ ಅಡಾಪ್ಟರಿನ ಪಿನ್, ಅದರ ಮೇಲೆ ಚಿಪ್, ಅಷ್ಟೊತ್ತಿಗೆ ಕೆಪಾಸಿಟರ್ ಎರಡು ಮೂರು ಸೆಂಟಿಮೀಟರ್ ದೂರ ಹೋಗಿರುತ್ತದೆ. ಎರಡು, 820ರ ಜೊತೆ ಪ್ಯಾರಲಲ್ ಆಗಿ ಕೂರುವ ಸಣ್ಣ ಕೆಪಾಸಿಟರ್ ನಾಲ್ಕೂ ಕಡೆ ಸರಿಯಾಗಿದೆಯಾ?

ಹೊಗೆಬಂತು
ಒಂದಕ್ಕೆ ಉತ್ತರ: ಇಲ್ಲ. ಎರಡಕ್ಕೆ: ಇದೆ, ನಾಲ್ಕೂ 2200 ಪಿಕೋ ಫ್ಯಾರಡ್. ನಾನೇ ಕೂರಿಸಿದ್ದು.

ರಾತ್ರಿಪಾಳಿ
"ನಾನೇ ಕೂರಿಸಿದ್ದು" ಅನ್ನುವುದನ್ನೇ ನಾನು ಕೊನೆಗೆ ನಂಬುವುದು. ನಂದನ್ನೂ ಸೇರಿಸಿ. ಫೋನ್ ಕ್ಯಾಮೆರಾ ದೊಡ್ಡದು ಮಾಡಿ ಒಂದೊಂದನ್ನೇ ನೋಡಿ. ರೆಸಿಸ್ಟರ್ ಕೀಳುವಾಗ ಪಕ್ಕದ್ದು ಏನಾದರೂ ಎದ್ದಿರಬಹುದು.

ಹದಿನಾರುಬಿಟ್
ಇದೆಲ್ಲ ಯಾಕೆ ಬೇಕು ಸ್ವಾಮಿ. ಫಿಲಿಪ್ಸ್‌ನ ಹಳೇ ಡ್ಯಾಕ್ ಚಿಪ್ ಟಿಡಿಎ1541ಎ ಹಾಕಿ, ಒಂದು ರೆಸಿಸ್ಟರ್ ಹಾಕಿ, ಮುಗಿಸಿ. 1980ರ ದಶಕದಲ್ಲೇ ಫಿಲಿಪ್ಸ್‌ನವರು ಸರಿ ಮಾಡಿಟ್ಟಿದ್ದನ್ನು ಇವತ್ತಿನವರು ಮತ್ತೆ ಮತ್ತೆ ಮಾಡುತ್ತಿದ್ದಾರೆ. ಓವರ್‌ಸ್ಯಾಂಪ್ಲಿಂಗ್ (ಹಾಡಿನ ಮಾದರಿಗಳ ನಡುವೆ ಇನ್ನಷ್ಟು ಲೆಕ್ಕ ಹಾಕಿ ತುಂಬುವುದು) ಬೇಡ, ಫಿಲ್ಟರ್ ಬೇಡ. ಹಾಡು ಹಾಡಿನ ಹಾಗೆ ಕೇಳುತ್ತದೆ.

ಅಳತೆಗೋಲು
ಒಂದು ರೆಸಿಸ್ಟರ್ ಅಂತೆ. ಅದಕ್ಕೆ +5, −5, −15 ಅಂತ ಮೂರು ಸಪ್ಲೈ ಬೇಕು, ಸುತ್ತ 14 ಫಿಲ್ಟರ್ ಕೆಪಾಸಿಟರ್ ಬೇಕು, ಅವೂ ಚಿಪ್ಪಿಗೆ ಅಂಟಿಕೊಂಡೇ ಇರಬೇಕು. ಔಟ್‌ಪುಟ್ ಕಾಲಿನಲ್ಲಿ 25 ಮಿಲಿವೋಲ್ಟ್ ದಾಟಬಾರದು ಅಂತ ಡೇಟಾಶೀಟ್ ಹೇಳುತ್ತದೆ, ನೀವು ರೆಸಿಸ್ಟರ್ ಹಾಕಿ ಎಷ್ಟು ಎಳೆಯುತ್ತಿದ್ದೀರೋ ದೇವರೇ ಬಲ್ಲ.

ಓವರ್‌ಸ್ಯಾಂಪ್ಲಿಂಗ್ ಇಲ್ಲದಿದ್ದರೆ 44.1 ಕಿಲೋಹರ್ಟ್ಸ್ ಹಾಡಿನಲ್ಲಿ 20 ಕಿಲೋಹರ್ಟ್ಸ್ ಹೊತ್ತಿಗೆ ಮಟ್ಟ 3.2 ಡೆಸಿಬೆಲ್ ಇಳಿದಿರುತ್ತದೆ. ನೀವು "ಮೃದು" ಅನ್ನುವುದು ಅದನ್ನೇ. ಫಿಲಿಪ್ಸ್‌ನವರೇ 14 ಬಿಟ್‌ನ ಟಿಡಿಎ1540 ಜೊತೆಗೂ ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡುತ್ತಿದ್ದರು. ಅವರ ಚಿಪ್ ಬೇಕು, ಅವರ ಮಾತು ಬೇಡ!

ಹದಿನಾರುಬಿಟ್
ಮೃದು ಅಂತಾದರೂ ಅನ್ನಿ, ಇಳಿದಿದೆ ಅಂತಾದರೂ ಅನ್ನಿ. ನನಗೆ 14 ಕಿಲೋಹರ್ಟ್ಸ್ ಮೇಲೆ ಏನೂ ಕೇಳುವುದಿಲ್ಲ, ವಯಸ್ಸಾಯಿತು. ಆ 14 ಕೆಪಾಸಿಟರ್ ಮಾತ್ರ ನಿಜ. ಬೋರ್ಡಿನ ಕೆಳಗಡೆ ಸಾಕೆಟ್ಟಿನ ಹೊಟ್ಟೆಗೇ ಅಂಟಿಸಿದ್ದೇನೆ. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು.

ಸುಮ್ನೆಬಂದೆ
ನಾನು ಹೊಸಬಳು. ಮೊದಲ ಡ್ಯಾಕ್‌ಗೆ ಇದನ್ನೆಲ್ಲ ಓದಿ ಹೆದರಿಕೆ ಆಗುತ್ತಿದೆ. ಸುಲಭದ್ದು ಯಾವುದಾದರೂ ಇದೆಯಾ?

ತಂತಿಗೆತಂತಿ
ಪಿಸಿಎಂ5102ಎ ಮಾಡ್ಯೂಲ್ ತಗೊಳ್ಳಿ ಮೇಡಂ. ಔಟ್‌ಪುಟ್ ನೇರವಾಗಿ 2.1 ವೋಲ್ಟ್ ಬರುತ್ತದೆ. ಆಪ್‌ಆಂಪ್ ಬೇಡ, ಮೈನಸ್ ಸಪ್ಲೈ ಬೇಡ, ಅದನ್ನು ಚಿಪ್ಪೇ ಒಳಗೆ ತಯಾರಿಸಿಕೊಳ್ಳುತ್ತದೆ. ಮಾಸ್ಟರ್ ಕ್ಲಾಕ್ ಕೂಡ ಬೇಡ. ಎಸ್‌ಸಿಕೆ ಕಾಲನ್ನು ಗ್ರೌಂಡಿಗೆ ಸೇರಿಸಿದರೆ ಬಿಟ್ ಕ್ಲಾಕಿನಿಂದಲೇ ತನಗೆ ಬೇಕಾದ್ದು ಮಾಡಿಕೊಳ್ಳುತ್ತದೆ.

ಎಡವುವುದು ಒಂದೇ ಕಡೆ. ಎಕ್ಸ್‌ಎಸ್‌ಎಂಟಿ ಅಂತ ಒಂದು ಕಾಲಿದೆ, ಅದು ಮ್ಯೂಟ್. ಮೇಲಕ್ಕೆ, ಅಂದರೆ 3.3 ವೋಲ್ಟಿಗೆ ಸೇರಿಸದಿದ್ದರೆ ಸದ್ದೇ ಬರುವುದಿಲ್ಲ. ಕೆಲವು ಮಾಡ್ಯೂಲಿನಲ್ಲಿ ಹಿಂದುಗಡೆಯ ಜಂಪರಿಗೆ ನಾವೇ ಸೋಲ್ಡರ್ ಹಾಕಬೇಕು. ನಾನು ಎರಡು ಸಂಜೆ ಪ್ರೋಗ್ರಾಮ್ ತಪ್ಪಿದೆ ಅಂತ ಹುಡುಕಿದ್ದೆ. ತಪ್ಪಿದ್ದು ಅಕ್ಕಿಕಾಳಿನಷ್ಟು ಸೋಲ್ಡರ್.

ಸುಮ್ನೆಬಂದೆ
ಥ್ಯಾಂಕ್ಸ್ ಸರ್. ಅಕ್ಕಿಕಾಳು ನೆನಪಿಟ್ಟುಕೊಳ್ಳುತ್ತೇನೆ.

ಕಿವಿಯೇಸಾಕ್ಷಿ
ಅದು ಆಟಿಕೆ.

ಅಳತೆಗೋಲು
ಆ ಆಟಿಕೆಯ ಡೈನಾಮಿಕ್ ರೇಂಜ್, ಅಂದರೆ ಅತಿ ಜೋರು ಮತ್ತು ಅತಿ ಸಣ್ಣ ಸದ್ದಿನ ಅಂತರ, 112 ಡೆಸಿಬೆಲ್. ಸಿಡಿಯ 16 ಬಿಟ್ 98ಕ್ಕೆ ನಿಲ್ಲುತ್ತದೆ. ನಿಮ್ಮ ಕೋಣೆಯ ಫ್ಯಾನ್ ಇನ್ನೂ ಮೊದಲೇ ನಿಲ್ಲಿಸಿಬಿಡುತ್ತದೆ.

ಹೊಗೆಬಂತು
ಸಿಕ್ಕಿತು!

ಕ್ಯಾಮೆರಾದಲ್ಲಿ ನೋಡಿದರೆ ಬಲಗಡೆ 2200 ಪಿಕೋ ಕೆಪಾಸಿಟರಿನ ಒಂದು ಕಾಲು ಗಾಳಿಯಲ್ಲಿದೆ. ನಿಜ ಹೇಳಬೇಕೆಂದರೆ ಕಾಲು ಸರಿಯಾಗಿಯೇ ಇದೆ, ಸೋಲ್ಡರೂ ಹೊಳೆಯುತ್ತಿದೆ. ಅದರ ಕೆಳಗಿನ ತಾಮ್ರದ ಪ್ಯಾಡೇ ಬೋರ್ಡ್ ಬಿಟ್ಟು ಎದ್ದಿದೆ. ಹಳೇ 750 ಕೀಳುವಾಗ ಐರನ್ ಜಾಸ್ತಿ ಹೊತ್ತು ಇಟ್ಟು ಎಳೆದಿದ್ದೆ, ಆಗಲೇ ಆಗಿರಬೇಕು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸೂಜಿಯಲ್ಲಿ ಮೆಲ್ಲಗೆ ಒತ್ತಿದರೆ ಪ್ಯಾಡ್ ಮುಚ್ಚಳದ ಹಾಗೆ ಅಲುಗಾಡುತ್ತದೆ.

ರೆಸಿಸ್ಟರಿನ ಒಂದು ತುಂಡು ಕಾಲನ್ನೇ ಸೇತುವೆ ಮಾಡಿ ನೇರ ಚಿಪ್ಪಿನ ಜಾಡಿಗೆ ಸೇರಿಸಿದೆ. ಅಡಾಪ್ಟರಿನ ಬೆನ್ನಿಗೆ 4 ಮತ್ತು 8ರ ನಡುವೆ 0.1 ಮೈಕ್ರೋ ಕೂಡ ಹಾಕಿದೆ, ಎರಡೂ ಕಡೆ. ಈಗ ನಾಲ್ಕೂ 5.08, ಬೆರಳು ತಂದರೂ ಅಲುಗಾಡುವುದಿಲ್ಲ. ಚಿಪ್ ಬೆಚ್ಚಗೆ. ಅರ್ಧ ಗಂಟೆ ಹಾಡಿತು, ಗರಗರ ಇಲ್ಲ. ರಾತ್ರಿಪಾಳಿಯವರಿಗೆ ದೊಡ್ಡ ನಮಸ್ಕಾರ.

ರಾತ್ರಿಪಾಳಿ
ಸಂತೋಷ. ಆ ಕೆಪಾಸಿಟರ್ ಇಲ್ಲದಿದ್ದರೆ ಡ್ಯಾಕ್‌ನಿಂದ ಬರುವ ಮೇಲಿನ ಕಸವೆಲ್ಲ ಆಪ್‌ಆಂಪ್ ತಲೆಗೇ ಬೀಳುತ್ತದೆ. 820 ಓಮ್, 2200 ಪಿಕೋ ಸೇರಿದರೆ ಸುಮಾರು 88 ಕಿಲೋಹರ್ಟ್ಸ್ ಮೇಲಿನದ್ದು ಇಳಿಯಲು ಶುರು. ಅದು ಅಲಂಕಾರಕ್ಕೆ ಇಟ್ಟದ್ದಲ್ಲ.

ಅದು ಸಿ0ಜಿ ಸಿರಾಮಿಕ್ಕೋ ಎಕ್ಸ್7ಆರ್ರೋ ನೋಡಿ. ಎಕ್ಸ್7ಆರ್ ಆದರೆ ಬದಲಿಸಿ. ವೋಲ್ಟೇಜ್ ಏರಿದ ಹಾಗೆ ಅದರ ಅಳತೆಯೇ ಬದಲಾಗುತ್ತದೆ, ಸಿಗ್ನಲ್ ಹೋಗುವ ಜಾಗದಲ್ಲಿ ಅದು ಡಿಸ್ಟಾರ್ಷನ್. ಸಪ್ಲೈ ಕಾಲಿನ 0.1 ಎಕ್ಸ್7ಆರ್ ಆದರೆ ಪರವಾಗಿಲ್ಲ. ನೀವು ಕೇಳಿದ ಕೆಪಾಸಿಟರ್ ಅಪ್‌ಗ್ರೇಡ್ ಇಷ್ಟೇ.

ಕಿವಿಯೇಸಾಕ್ಷಿ
ಹಾಗಾದರೆ ಗುಂಯ್? ಅದಕ್ಕೆ ಎಲ್‌ಟಿ3045 ಹಾಕಿ ನೋಡಿ. ನನ್ನ ಡ್ಯಾಕ್‌ನಲ್ಲಿ ಪರದೆ ಸರಿಸಿದ ಹಾಗಾಯಿತು.

ಗ್ರೌಂಡ್‌ಲೂಪ್
ಗುಂಯ್ ಅಂದ ಕೂಡಲೇ ರೆಗ್ಯುಲೇಟರ್ ಕಡೆ ಓಡಬೇಡಿ. ಅದು 50 ಹರ್ಟ್ಸಾ, 100 ಹರ್ಟ್ಸಾ? 100 ಆದರೆ ರೆಕ್ಟಿಫೈಯರ್ ಆದ ಮೇಲಿನದ್ದು, ಸಪ್ಲೈ ನೋಡಬೇಕು. 50 ಆದರೆ ಗ್ರೌಂಡ್ ಲೂಪ್ ಅಥವಾ ಟ್ರಾನ್ಸ್‌ಫಾರ್ಮರ್ ಹತ್ತಿರ ಇದೆ ಅಂತ. ಕಂಪ್ಯೂಟರಿನಲ್ಲಿ ಎರಡೂ ಟೋನ್ ಒಂದೊಂದು ನಿಮಿಷ ಹಾಕಿ ಕೇಳಿ, ಯಾವುದಕ್ಕೆ ಹೊಂದುತ್ತದೆ ಗೊತ್ತಾಗುತ್ತದೆ.

ಲ್ಯಾಪ್‌ಟಾಪಾ? ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ.

ಹೊಗೆಬಂತು
ಚಾರ್ಜರ್ ಕಿತ್ತೆ. ಗುಂಯ್ ಮಾಯ. ಎರಡು ತಿಂಗಳು ಇದನ್ನು ಸಹಿಸಿಕೊಂಡಿದ್ದೆ.

ಗ್ರೌಂಡ್‌ಲೂಪ್
ನನ್ನ ಹೆಸರು ಸುಮ್ನೆ ಇಟ್ಟುಕೊಂಡದ್ದಲ್ಲ. ಚಾರ್ಜರಿನ ಅರ್ತ್, ಆಂಪ್ಲಿಫೈಯರಿನ ಅರ್ತ್, ನಡುವೆ ಯುಎಸ್‌ಬಿ ಕೇಬಲ್. ಸುತ್ತು ಪೂರ್ತಿಯಾಯಿತು. ಈ ಸುತ್ತು ಕಡಿಯುವ ಯುಎಸ್‌ಬಿ ಐಸೊಲೇಟರ್ ಹಾಕಬಹುದು, ಆದರೆ ಎಡಿಯುಎಂ4160 ಚಿಪ್ ಇರುವುದನ್ನು ತಂದು ಬೇಸರ ಮಾಡಿಕೊಳ್ಳಬೇಡಿ. ಅದು 12 ಮೆಗಾಬಿಟ್ ವೇಗದವರೆಗೆ ಮಾತ್ರ. ನಿಮ್ಮ ಯುಎಸ್‌ಬಿ ಬೋರ್ಡ್ 480ರಲ್ಲಿ ಮಾತಾಡುವಂಥದ್ದಾದರೆ 192 ಕಿಲೋಹರ್ಟ್ಸ್ ಹಾಡಿನ ಆಸೆ ಬಿಡಬೇಕು. ಡ್ಯಾಕ್ ಬೋರ್ಡಿನ ಒಳಗೆ ಐ2ಎಸ್ ತಂತಿಗೇ ಐಸೊಲೇಟರ್ ಹಾಕುವ ದಾರಿಯೂ ಇದೆ. ಹಾಗೆ ಮಾಡಿದರೆ ಕ್ಲಾಕ್ ಡ್ಯಾಕ್ ಕಡೆಗೇ ಇರಲಿ, ಐಸೊಲೇಟರ್ ದಾಟಿ ಬಂದ ಕ್ಲಾಕ್‌ನಲ್ಲಿ ಜಿಟರ್ (ತಾಳದ ಸಣ್ಣ ಏರುಪೇರು) ಸೇರಿರುತ್ತದೆ.

ಅಂದ ಹಾಗೆ ನಿಮ್ಮ ಐ2ಎಸ್ ತಂತಿ ಎಷ್ಟು ಉದ್ದ?

ಹೊಗೆಬಂತು
20 ಸೆಂಟಿಮೀಟರ್. ಬಣ್ಣಬಣ್ಣದ ಜಂಪರ್ ತಂತಿ. ಗ್ರೌಂಡ್ ಒಂದು.

ಗ್ರೌಂಡ್‌ಲೂಪ್
ಮೊದಲು ಅದನ್ನು ಗಿಡ್ಡ ಮಾಡಿ. ಮಾಸ್ಟರ್ ಕ್ಲಾಕ್ 22.5792 ಅಥವಾ 24.576 ಮೆಗಾಹರ್ಟ್ಸ್ ಓಡುತ್ತಿರುತ್ತದೆ, ಅದಕ್ಕೆ 20 ಸೆಂಟಿಮೀಟರ್ ಜಂಪರ್ ಅಂದರೆ ಆಂಟೆನಾ. ಪ್ರತಿ ಸಿಗ್ನಲ್ ತಂತಿಯ ಪಕ್ಕಕ್ಕೆ ಒಂದು ಗ್ರೌಂಡ್ ತಂತಿ ಹೆಣೆಯಿರಿ, ಕಳಿಸುವ ತುದಿಯಲ್ಲಿ 33 ಓಮ್ ಸೀರೀಸ್ ಹಾಕಿ. ಹೊಸ ಕ್ಲಾಕಿನ ಯೋಚನೆ ಇದಾದ ಮೇಲೆ.

ಅಳತೆಗೋಲು
ಎಲ್‌ಟಿ3045 ಬಗ್ಗೆ ನನ್ನ ತಕರಾರಿಲ್ಲ. 10 ಹರ್ಟ್ಸ್‌ನಿಂದ 100 ಕಿಲೋಹರ್ಟ್ಸ್‌ವರೆಗೆ ಅದರ ನಾಯ್ಸ್ 0.8 ಮೈಕ್ರೋವೋಲ್ಟ್. ಸಾಮಾನ್ಯ ರೆಗ್ಯುಲೇಟರ್ ಎಲ್‌ಎಂ317 ಅನ್ನು 5 ವೋಲ್ಟಿಗೆ ಕಟ್ಟಿದರೆ ಇನ್ನೂ ಕಡಿಮೆ ಬ್ಯಾಂಡಿನಲ್ಲೇ 150ರ ಆಸುಪಾಸು. ಆದರೆ ಗುಂಯ್‌ಗೂ ಇದಕ್ಕೂ ಸಂಬಂಧ ಇರಲಿಲ್ಲ, ನೋಡಿದಿರಲ್ಲ. ಇಎಸ್9038 ಥರದ ಡ್ಯಾಕ್ ಚಿಪ್‌ನ ಎವಿಸಿಸಿ (ಅನಲಾಗ್ ಸಪ್ಲೈ) ಕಾಲಿಗೆ ಹಾಕಿ, ಅಲ್ಲಿ ಸಪ್ಲೈನ ನಾಯ್ಸ್ ನೇರ ಔಟ್‌ಪುಟ್‌ಗೇ ಬರುತ್ತದೆ. ಹೀಗೆ ಎಲ್ಲಿ ಬೇಕೋ ಅಲ್ಲಿ.

ಕಿವಿಯೇಸಾಕ್ಷಿ
ಅಳತೆ ಮಾಡುವವರು ಹಾಡು ಕೇಳುವುದೇ ಇಲ್ಲ ಅನ್ನುವುದು ಇದಕ್ಕೇ. ಹೊಗೆಬಂತು ಅವರೇ, ನೀವೇ ಹೇಳಿ, ಒಪಿಎ1612 ಹಾಕಿದ ಮೇಲೆ ವಿವರ ಜಾಸ್ತಿ ಆಯಿತೋ ಇಲ್ಲವೋ?

ಹೊಗೆಬಂತು
ಆಯಿತು. ಆಸಿಲೇಷನ್ ಹೋದ ಮೇಲೂ ಇದೆ. ಉಸಿರು ಈಗಲೂ ಕೇಳುತ್ತದೆ.

ಅಳತೆಗೋಲು
750 ತೆಗೆದು 820 ಹಾಕಿದ್ದು ಮರೆತಿರಾ? 820 ಭಾಗಿಸು 750, ಡೆಸಿಬೆಲ್‌ನಲ್ಲಿ 0.78. ನಿಮ್ಮ ಡ್ಯಾಕ್ ಈಗ ಅಷ್ಟು ಜೋರಾಗಿ ಹಾಡುತ್ತಿದೆ. 0.78 ಡೆಸಿಬೆಲ್ ಯಾರಿಗೂ "ಜೋರು" ಅನ್ನಿಸುವುದಿಲ್ಲ, "ಚೆನ್ನಾಗಿದೆ" ಅನ್ನಿಸುತ್ತದೆ. ಹೋಲಿಸಿ ಕೇಳುವಾಗ 0.1 ಡೆಸಿಬೆಲ್ ಒಳಗೆ ಮಟ್ಟ ಹೊಂದಿಸಬೇಕು ಅನ್ನುವುದು ಇದಕ್ಕೇ.

ಕಿವಿಯೇಸಾಕ್ಷಿ
ಎಲ್ಲದಕ್ಕೂ ಒಂದು ಲೆಕ್ಕ ಇಟ್ಟುಕೊಂಡಿರುತ್ತೀರಪ್ಪ.

ರಾತ್ರಿಪಾಳಿ
ಜಗಳ ಬೇಡ, ಹೊಗೆಬಂತು ಕೈಯಲ್ಲಿ ಪರೀಕ್ಷೆಗೆ ಬೇಕಾದ್ದೆಲ್ಲ ಇದೆ. ಎಡ ಚಾನೆಲ್‌ಗೆ ಹಳೇ ಎನ್‌ಇ5532, ಹಳೇ 750 ವಾಪಸ್ ಹಾಕಿ. ಬಲ ಹಾಗೇ ಇರಲಿ. ಮೋನೋ ಹಾಡು ಹಾಕಿ. ಪ್ಲೇಯರಿನಲ್ಲಿ ಬಲಗಡೆ 0.78 ಇಳಿಸಿ, 1 ಕಿಲೋಹರ್ಟ್ಸ್ ಟೋನ್ ಹಾಕಿ ಮೀಟರಿನಲ್ಲಿ ಎರಡೂ ಒಂದೇ ಇದೆಯಾ ನೋಡಿ. ಆಮೇಲೆ ಎರಡು ಔಟ್‌ಪುಟ್ಟನ್ನೂ ಒಂದು ಸ್ವಿಚ್ಚಿಗೆ ತಂದು ಒಂದೇ ಸ್ಪೀಕರಿಗೆ ಕೊಡಿ. ಸ್ವಿಚ್ ನಿಮ್ಮ ಕಣ್ಣಿಗೆ ಕಾಣಬಾರದು. ಇನ್ನೊಬ್ಬರು ನಾಣ್ಯ ಚಿಮ್ಮಿ ತಿರುಗಿಸಲಿ, ನೀವು ಕಾಗದದಲ್ಲಿ ಬರೆಯಿರಿ. 20 ಸಲ. 15 ಸರಿ ಬಂದರೆ ಕಿವಿಯೇಸಾಕ್ಷಿಯವರಿಗೆ ನಾನೇ ಶರಣು.

ಹದಿನಾರುಬಿಟ್
ಇದು ಚೆನ್ನಾಗಿದೆ. ಒಂದೇ ಡಬ್ಬಿ, ಒಂದೇ ಕ್ಲಾಕ್, ಒಂದೇ ಸಪ್ಲೈ. ನನಗೂ ಮಾಡಬೇಕು ಅನ್ನಿಸುತ್ತಿದೆ. ನನ್ನ 1541 ಎದುರು ಇನ್ಯಾವುದಾದರೂ ಇಡಬಹುದು.

ಅಳತೆಗೋಲು
3.2 ಡೆಸಿಬೆಲ್ ಸರಿ ಮಾಡಿ ಇಡಿ.

ಹದಿನಾರುಬಿಟ್
ಬಿಡುವುದಿಲ್ಲವಲ್ಲ ನೀವು.

ಹೊಗೆಬಂತು
ಮಾಡಿದೆ. ಸ್ವಿಚ್ ತಿರುಗಿಸಿದ್ದು ತಂಗಿ. ಅವಳು ನನ್ನ ಬೆನ್ನ ಹಿಂದೆ ಕೂತಿದ್ದಳು. ಸ್ವಿಚ್ಚಿನ ಟಕ್ ಸದ್ದಿನಿಂದ ಗೊತ್ತಾಗಬಾರದು ಅಂತ ಪ್ರತಿ ಸಲ ಎರಡು ಮೂರು ಸಲ ಆಡಿಸಿ ಆಮೇಲೆ ನಿಲ್ಲಿಸುತ್ತಿದ್ದಳು. ಅದು ಅವಳದೇ ಐಡಿಯಾ.

ಮೊದಲ ಐದರಲ್ಲಿ ನಾಲ್ಕು ಸರಿ ಬಂತು, ನನ್ನ ಎದೆ ಉಬ್ಬಿತು. ಕೊನೆಗೆ 20ರಲ್ಲಿ 11.

ಉಸಿರು ಎರಡರಲ್ಲೂ ಕೇಳುತ್ತಿತ್ತು. ಆ ಹಾಡಿನಲ್ಲಿ ಅದು ಮೊದಲಿಂದಲೂ ಇತ್ತಂತೆ, ತಂಗಿ ಹೇಳಿದಳು. ನಾನು ಗಮನವಿಟ್ಟು ಕೇಳಿರಲಿಲ್ಲ ಅಷ್ಟೇ.

ಕಿವಿಯೇಸಾಕ್ಷಿ
ನಾಣ್ಯ ಚಿಮ್ಮಿ ಹಾಡು ಕೇಳಿದರೆ ಯಾರಿಗೂ ಏನೂ ಕೇಳುವುದಿಲ್ಲ. ಪರೀಕ್ಷೆಯ ಒತ್ತಡ ಅದು. ಒಂದು ವಾರ ಒಂದನ್ನು, ಒಂದು ವಾರ ಇನ್ನೊಂದನ್ನು ಕೇಳಿ ನೋಡಿ.

ಅಳತೆಗೋಲು
ಕೇಳಲಿ, ಬೇಡ ಅನ್ನುವುದಿಲ್ಲ. ತಂಗಿಯ ಕೈಯಲ್ಲೇ ಬೀಗ ಹಾಕಿಸಿ ಕೇಳಲಿ, ಯಾವ ವಾರ ಯಾವುದು ಅಂತ ಅವಳಿಗೆ ಮಾತ್ರ ಗೊತ್ತಿರಲಿ.

ತಂತಿಗೆತಂತಿ
ತಂಗಿಯನ್ನೂ ಇಲ್ಲಿಗೆ ಸೇರಿಸಿ ಮಾರಾಯ್ರೆ, ನಮ್ಮೆಲ್ಲರಿಗಿಂತ ಹುಷಾರಿದ್ದಾಳೆ.

ಸುಮ್ನೆಬಂದೆ
ನನ್ನ ಪಿಸಿಎಂ5102ಎ ಹಾಡಿತು!! ಅಕ್ಕಿಕಾಳು ಹಾಕಿದೆ. ಮೊದಲು ಎರಡು ಕಾಳು ಬಿತ್ತು, ಪಕ್ಕದ ಜಂಪರಿಗೂ ಅಂಟಿಕೊಂಡಿತ್ತು, ತಾಮ್ರದ ಜಾಲರಿ ಇಟ್ಟು ಹೀರಿ ತೆಗೆದೆ.

ರಾತ್ರಿಪಾಳಿ
ಅಭಿನಂದನೆ. ಈಗಲೇ ಅಪ್‌ಗ್ರೇಡ್ ಕೇಳಬೇಡಿ.

ಸುಮ್ನೆಬಂದೆ
ಕೇಳಲು ಬಂದೇ ಇದ್ದೆ 😄

ಗ್ರೌಂಡ್‌ಲೂಪ್
ಹೊಗೆಬಂತು ಅವರೇ, ಐ2ಎಸ್ ತಂತಿ ಗಿಡ್ಡ ಮಾಡಿದಿರಾ?

ಹೊಗೆಬಂತು
ಯುಎಸ್‌ಬಿ ಬೋರ್ಡನ್ನು ತಿರುಗಿಸಿ ಕೂರಿಸಿದೆ, ಈಗ 5 ಸೆಂಟಿಮೀಟರ್. ಸದ್ದಿನಲ್ಲಿ ವ್ಯತ್ಯಾಸ ಏನೂ ಗೊತ್ತಾಗಲಿಲ್ಲ. ಮೊದಲು 192ರ ಹಾಡಿನಲ್ಲಿ ಎಲ್ಲೋ ಒಮ್ಮೆ ಟಿಕ್ ಅನ್ನುತ್ತಿತ್ತು, ಅದು ನಿಂತಿದೆ. ಚಾರ್ಜರ್ ಹಾಕಿದರೆ ಗುಂಯ್ ಇನ್ನೂ ಇದೆ, ಐಸೊಲೇಟರ್ ಆಮೇಲೆ.

ಎಡಕ್ಕೂ ಒಪಿಎ1612 ವಾಪಸ್ ಹಾಕಲೋ, ಬಲಕ್ಕೂ ಎನ್‌ಇ5532 ಹಾಕಲೋ ಅಂತ ಇನ್ನೂ ತೀರ್ಮಾನಿಸಿಲ್ಲ. ಮತ್ತೆ ರೆಸಿಸ್ಟರ್ ಕಿತ್ತರೆ ಇನ್ನೊಂದು ಪ್ಯಾಡ್ ಏಳುತ್ತದೆ ಅಂತ ಭಯ. ಸದ್ಯಕ್ಕೆ ಎಡಕ್ಕೊಂದು ಬಲಕ್ಕೊಂದು ಇಟ್ಟುಕೊಂಡೇ ಹಾಡು ಕೇಳುತ್ತಿದ್ದೇನೆ.

ಅಳತೆಗೋಲು
ಬಲಗಡೆ 0.78 ಇಳಿಸಿಯೇ ಇರಲಿ.